ಹೂವು ಮತ್ತು ಎರಡು ಎಲೆ

ನೆರೆಮನೆಯ ಕಾಕಾ ಅವರ ಅಕ್ಕನನ್ನು ಗೋವೆಯ ಸಾಂಖಳಿ ಕಡೆಗೆ ಕೊಟ್ಟಿದ್ದಾರೆ. ಮನೆಮಂದಿಯೆಲ್ಲ ಆತ್ಯಾ ಎನ್ನುವುದರಿಂದ ನಾನೂ ಆತ್ಯಾ ಎಂದೇ ಕರೆಯುತ್ತೇನೆ. ಎಂಬತ್ತು ದಾಟಿದೆ. ವರ್ಷಕ್ಕೊಮ್ಮೆ ಚೋರ್ಲಾ ಘಾಟಿ ಹತ್ತಿ ಗುಂಜಿಗೆ ಬರುತ್ತಾರೆ. ಬರುವಾಗ ಒಂದು ಚೀಲ ಆಮಸೂಲು, ಹೋಗುವಾಗ ಒಂದು ಚೀಲ ಅಕ್ಕಿ. ನಡುವೆ ಎಂಟು ದಿನ ಬರೀ ಮಾತು.

ಹೋದ ಚಳಿಗಾಲ ಕಾಕಾ ಅವರ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಾಗ 1967ರ ಜನವರಿ 16ರ ಮಾತು ಬಂತು. ಗೋವೆ ಮಹಾರಾಷ್ಟ್ರದಲ್ಲಿ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ ಎಂದು ಅಲ್ಲಿಯ ಜನರನ್ನೇ ಕೇಳಿದ ದಿನ ಅದು. ಸೇರಬೇಕು ಎನ್ನುವವರಿಗೆ ಹೂವಿನ ಚಿಹ್ನೆ, ಬೇಡ ಎನ್ನುವವರಿಗೆ ಎರಡು ಎಲೆಯ ಚಿಹ್ನೆ. ಆತ್ಯಾ ಆಗಿನ್ನೂ ಹೊಸ ಮದುವಣಗಿತ್ತಿ.

“ನಾ ಹೂವಿಗೆ ಹಾಕಿದ್ದೆ ಗುರುಜಿ,” ಎಂದರು. ಅವರು ಮಾತಾಡಿದ್ದು ಮರಾಠಿಯಲ್ಲಿ, ನಾನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮನಿಯವರು?”

“ಅವರು ಯಾವುದಕ್ಕ ಹಾಕಿದ್ರು ಅಂತ ಸಾಯೂತನಕ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಅನ್ನ ಒಂದ ಗಡಿಗ್ಯಾಗ ಬೇಯಬೇಕಲ್ಲ.”

ಹೂವು ಸೋತಿತು. ಮಾರ್ಚ್ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ಬಂತು. ಆಗ ಯಾರಿಗೆ ಹಾಕಿದಿರಿ ಎಂದು ಕೇಳಿದೆ. “ಭಾವೂಗ,” ಎಂದರು. ಭಾವೂ ಎಂದರೆ ದಯಾನಂದ ಬಾಂದೋಡಕರ, ಗೋವೆಯ ಮೊದಲ ಮುಖ್ಯಮಂತ್ರಿ, ಹೂವಿನ ಪಕ್ಷದ ನಾಯಕ.

“ಸೋತವರಿಗೇ ಮತ್ತ ಹಾಕಿದ್ರಿ?”

“ಆ ಪ್ರಶ್ನಿ ಬ್ಯಾರೆ, ಭಾವೂ ಬ್ಯಾರೆ. ಪ್ರಶ್ನಿ ಮುಗದಿತ್ತು. ರಸ್ತಾ, ಸಾಲಿ ಮುಗದಿರಲಿಲ್ಲಲ್ಲ.”

ಆತ್ಯಾ ಊರಿಗೆ ಹೋದರು, ಮಾತು ನನ್ನಲ್ಲೇ ಉಳಿಯಿತು. ಯಾಕೆಂದರೆ ನಾವಿರುವ ಖಾನಾಪುರ ತಾಲೂಕಿನಲ್ಲಿ ಯಾವ ಪ್ರಶ್ನೆಯೂ ಹಾಗೆ ಮುಗಿದದ್ದನ್ನು ನಾನು ನೋಡಿಲ್ಲ. ಮೂಲತಃ ನಾನು ಬೈಲಹೊಂಗಲ ಕಡೆಯವನು. ಕನ್ನಡ ಶಾಲೆಯ ಮಾಸ್ತರಿಕೆ ಹಿಡಿದು ಈ ಸೀಮೆಗೆ ಬಂದು, ಇಲ್ಲೇ ನಿವೃತ್ತನಾಗಿ, ಗುಂಜಿಯಲ್ಲಿ ಮನೆ ಮಾಡಿಕೊಂಡವನು. ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ರೈಲಿಗೆ ನಡುವೆ ಸಿಗುವ ಊರು ಇದು. ಚಹಾದಂಗಡಿಯಲ್ಲಿ ಮರಾಠಿ, ಕಚೇರಿಯ ಬೋರ್ಡಿನಲ್ಲಿ ಕನ್ನಡ, ಮನೆಯೊಳಗೆ ಅವರವರದು. ಗಡಿಯ ಮಾತು ಬಂದಾಗಲೆಲ್ಲ ಆ ಚಹಾದಂಗಡಿಯಲ್ಲಿ ಯಾರಾದರೊಬ್ಬರು ಹೇಳುವ ಮಾತು ಒಂದಿದೆ: “ಒಮ್ಮೆ ಜನರನ್ನs ಕೇಳಿಬಿಡ್ರಿ, ಹೌದೋ ಅಲ್ಲೋ ಮುಗದ ಹೋಗಲಿ.” ಬಹಳ ವರ್ಷ ನಾನೂ ಇದನ್ನು ನ್ಯಾಯದ ಮಾತು ಎಂದೇ ತಿಳಿದಿದ್ದೆ. ಜನರನ್ನು ಕೇಳುವುದಕ್ಕಿಂತ ದೊಡ್ಡ ನ್ಯಾಯ ಯಾವುದಿದೆ? ಈಗ ಅಷ್ಟು ಸಲೀಸಾಗಿ ಹೇಳಲಾರೆ. ಕೇಳಿದ ಮೇಲೆ ಏನಾಗುತ್ತದೆ ಎನ್ನುವುದರಲ್ಲಿ ಅರ್ಧ ನ್ಯಾಯ ಅಡಗಿದೆ ಅನಿಸುತ್ತದೆ.

ಬ್ರಿಟನ್ನಿನ ಕತೆ ಎಲ್ಲರಿಗೂ ಗೊತ್ತಿದೆ. 2016ರ ಜೂನ್ 23ರಂದು ಅಲ್ಲಿಯ ಜನರಿಗೆ ಒಂದು ಪ್ರಶ್ನೆ ಕೇಳಿದರು: ಯುರೋಪಿಯನ್ ಒಕ್ಕೂಟದಲ್ಲಿ ಇರೋಣವೋ, ಬಿಡೋಣವೋ? ಬಿಡೋಣ ಎಂದವರು ನೂರಕ್ಕೆ 51.9, ಇರೋಣ ಎಂದವರು 48.1. ಪ್ರಶ್ನೆ ಕೇಳಿದ ಪ್ರಧಾನಿ ಡೇವಿಡ್ ಕ್ಯಾಮರಾನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆಯ ಮಾತಾಡಿದರು. ಐದು ದಿನ ಕಳೆಯುವುದರೊಳಗೆ ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಮೇಲೆ ಅವರದೇ ಸಂಸದರು ಅವಿಶ್ವಾಸ ತೋರಿಸಿದರು, 172ಕ್ಕೆ 40. ಕ್ಯಾಮರಾನ್ ಜಾಗಕ್ಕೆ ಬಂದ ಥೆರೆಸಾ ಮೇ ಎರಡು ವರ್ಷ ತಿರುಗಾಡಿ ಒಂದು ಒಪ್ಪಂದ ತಂದರು. 2019ರ ಜನವರಿ 15ರಂದು ಸಂಸತ್ತು ಅದನ್ನು 230 ಮತಗಳ ಅಂತರದಿಂದ ತಳ್ಳಿತು. ಮಾರ್ಚ್ 12ರಂದು 149ರಿಂದ, ಮಾರ್ಚ್ 29ರಂದು 58ರಿಂದ ಮತ್ತೆ ತಳ್ಳಿತು. ಹಾಗಾದರೆ ನಿಮಗೆ ಬೇಕಾದದ್ದಾದರೂ ಯಾವುದು ಎಂದು ಮಾರ್ಚ್ 27ರಂದು ಸಂಸದರೇ ಎಂಟು ದಾರಿಗಳನ್ನು ಮುಂದಿಟ್ಟುಕೊಂಡು ಮತ ಹಾಕಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಬರಲಿಲ್ಲ. ಆಮೇಲೆ ಬಂದ ಬೋರಿಸ್ ಜಾನ್ಸನ್ ಸಂಸತ್ತಿನ ಬಾಗಿಲನ್ನೇ ಕೆಲವು ವಾರ ಮುಚ್ಚಿಸಲು ಹೋದರು. ಅದು ಕಾನೂನಿಗೆ ವಿರುದ್ಧ ಎಂದು ಸೆಪ್ಟೆಂಬರ್ 24ರಂದು ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಕೊನೆಗೆ ಇನ್ನೊಂದು ಚುನಾವಣೆಯೇ ಆಗಿ, 2020ರ ಜನವರಿ 31ಕ್ಕೆ ಹೊರಬಿದ್ದರು.

ನನಗೆ ಇದರಲ್ಲಿ ವಿಚಿತ್ರ ಅನಿಸಿದ್ದು ಜಗಳ ಆದದ್ದಲ್ಲ. ಜಗಳ ಎಲ್ಲಿಲ್ಲ? ವಿಚಿತ್ರವೆಂದರೆ, ಮೇ ಅವರ ಒಪ್ಪಂದವನ್ನು ಕೆಡವಲು ಒಂದಾದವರು ಒಬ್ಬರಿಗೊಬ್ಬರು ಪೂರಾ ಉಲ್ಟಾ ಇದ್ದವರು. ಇದು ಸಾಕಷ್ಟು ಬಿಟ್ಟಂತಾಗಲಿಲ್ಲ ಎಂದವರೂ ಬೇಡ ಎಂದರು, ಬಿಡಲೇಬಾರದು ಎಂದವರೂ ಬೇಡ ಎಂದರು. ‘ಇರುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಅದು ತಾವು ಇದ್ದ ಮನೆ. ‘ಬಿಡುವುದು’ ಎಂದರೆ ಬರೀ ಬಾಗಿಲು. ಹೊರಗೆ ಹೋದ ಮೇಲೆ ಎಲ್ಲಿ ಮಲಗುವುದು, ಯಾರ ಜೊತೆ ವ್ಯಾಪಾರ, ಐರ್ಲೆಂಡಿನ ಗಡಿಯಲ್ಲಿ ಗೇಟು ಹಾಕುವುದೋ ಬಿಡುವುದೋ, ಒಂದೂ ಆ ಚೀಟಿಯ ಮೇಲೆ ಇರಲಿಲ್ಲ. ಜನ ಉತ್ತರ ಕೊಟ್ಟರು, ಆದರೆ ಏನು ಮಾಡಬೇಕೆಂದು ಉತ್ತರದಲ್ಲಿ ಇರಲಿಲ್ಲ. ಆಗ ಉತ್ತರಕ್ಕೆ ಅರ್ಥ ಹೇಳುವವರು ಹುಟ್ಟಿಕೊಂಡರು. ಜನ ಹೇಳಿದ್ದು ಇದನ್ನು ಎಂದು ಒಬ್ಬ, ಅಲ್ಲ ಅದನ್ನು ಎಂದು ಇನ್ನೊಬ್ಬ. ಪಕ್ಷದೊಳಗಿನ ಕುರ್ಚಿಯ ಕಾದಾಟ ಎಂದು ಪತ್ರಿಕೆಗಳು ಬರೆದದ್ದು ಬಹುಪಾಲು ಇದೇ: ಜನರ ಮಾತಿಗೆ ನಿಜವಾದ ಅರ್ಥ ಹೇಳುವ ಪೂಜಾರಿ ಯಾರು ಎನ್ನುವ ಕಾದಾಟ.

ಪೂಜಾರಿ ಎಂದದ್ದಕ್ಕೆ ಕಾರಣವಿದೆ. ನಮ್ಮ ಸೀಮೆಯಲ್ಲೂ ಘಟ್ಟದ ಕೆಳಗೂ ಹಲವು ಗುಡಿಗಳಲ್ಲಿ ದೇವರಿಗೆ ಕೌಲ ಕೇಳುವ ಪದ್ಧತಿ ಇದೆ. ಗುರವ ದೇವರ ಮೂರ್ತಿಗೆ ಹೂವಿನ ಎಸಳು ಅಂಟಿಸಿ, ಕೈಮುಗಿದು ಪ್ರಶ್ನೆ ಇಡುತ್ತಾನೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಗಮನಿಸಿದ್ದು ಬೇರೆ. ಅನುಭವಸ್ಥ ಗುರವ ಪ್ರಶ್ನೆಯನ್ನು ಅರ್ಧಕ್ಕೆ ಬಿಡುವುದಿಲ್ಲ. ‘ಹುಡುಗಿಯನ್ನು ಆ ಮನೆಗೆ ಕೊಡಲೇ’ ಎಂದಷ್ಟೇ ಕೇಳುವುದಿಲ್ಲ. ಕೊಡುವುದಾದರೆ ಈ ಸುಗ್ಗಿ ಮುಗಿದ ಮೇಲೆ ಮದುವೆ ಮಾಡುತ್ತೇವೆ, ಬಲಕ್ಕೆ ಕೊಡು; ಬೇಡವಾದರೆ ಆ ಮಾತು ಇಲ್ಲಿಗೆ ಬಿಟ್ಟು ಬೇರೆ ಮನೆ ನೋಡುತ್ತೇವೆ, ಎಡಕ್ಕೆ ಕೊಡು. ಹೀಗೆ ಎರಡೂ ಉತ್ತರಕ್ಕೆ ಏನು ಮಾಡುತ್ತೇವೆಂದು ಕೂತ ಹತ್ತು ಜನರ ಎದುರು ಗಟ್ಟಿಯಾಗಿ ಹೇಳಿ ಆಮೇಲೆ ಕಣ್ಣು ಮುಚ್ಚುತ್ತಾನೆ. ಎಸಳು ಬಿದ್ದ ಮೇಲೆ ಅರ್ಥ ಹೇಳುವ ಕೆಲಸವೇ ಅವನಿಗೆ ಉಳಿದಿರುವುದಿಲ್ಲ.

ಗೋವೆಯಲ್ಲಿ ನಡೆದದ್ದು ಹೆಚ್ಚುಕಡಿಮೆ ಹೀಗೆ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು. 1963ರ ಚುನಾವಣೆಯಲ್ಲಿ ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರಕ್ಕೆ ಬಂತು. ವಿಧಾನಸಭೆಯಲ್ಲಿ ಬಹುಮತ ಇದ್ದವರು ತಾವೇ ವಿಲೀನ ತೀರ್ಮಾನಿಸಿಬಿಡಬಹುದು ಎನ್ನುವ ಭಯ ಎದುರು ಪಕ್ಷಕ್ಕೆ ಇತ್ತು. ಇಂಥ ಮಾತು ಶಾಸಕರ ಎಣಿಕೆಯಿಂದ ಆಗಬಾರದು, ಒಬ್ಬೊಬ್ಬ ಮನುಷ್ಯನನ್ನೂ ಕೇಳಬೇಕು ಎಂದು ಜಾಕ್ ಡಿ ಸಿಕ್ವೇರಾ ಮೊದಲಾದವರು ಹಟ ಹಿಡಿದರು. ಸಂಸತ್ತು 1966ರ ಡಿಸೆಂಬರಿನಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಸರ್ಕಾರ ಕುರ್ಚಿಯ ಮೇಲೆ ಕೂತು ಮತ ಕೇಳಿದರೆ ನ್ಯಾಯವಾಗದು ಎಂದು ಎದುರಾಳಿಗಳು ಒತ್ತಾಯಿಸಿದ ಮೇಲೆ, ಬಾಂದೋಡಕರ ಸರ್ಕಾರ ಮತದಾನಕ್ಕೆ ಮೊದಲೇ ಕೆಳಗಿಳಿಯಿತು. ಎರಡು ಉತ್ತರಗಳಲ್ಲಿ ಯಾವುದು ಬಂದರೂ ಮರುದಿನ ಏನೆಂದು ಗೊತ್ತಿತ್ತು: ಒಂದೋ ಮಹಾರಾಷ್ಟ್ರದ ಭಾಗ, ಇಲ್ಲವೇ ಈಗಿದ್ದಂತೆ ದಿಲ್ಲಿಯ ಕೈಕೆಳಗೆ. ಎಲೆಗೆ 1,72,191, ಹೂವಿಗೆ 1,38,170. ಅಂತರ 34,021.

ಹೂವು ಸೋತರೂ ಹೂವಿನ ನಾಯಕ ಮನೆ ಸೇರಲಿಲ್ಲ. ಮಾರ್ಚ್ ಚುನಾವಣೆಯಲ್ಲಿ ಅದೇ ಪಕ್ಷ ಗೆದ್ದು, ಬಾಂದೋಡಕರ ಮತ್ತೆ ಮುಖ್ಯಮಂತ್ರಿಯಾದರು. ತಾವು ಬೇಡವೆಂದಿದ್ದ ಕೇಂದ್ರಾಡಳಿತ ಪ್ರದೇಶವನ್ನು 1973ರಲ್ಲಿ ತೀರಿಕೊಳ್ಳುವ ತನಕ ತಾವೇ ನಡೆಸಿದರು. ಎಲ್ಲವೂ ಹಾಲು ಸಕ್ಕರೆ ಆಯಿತು ಎಂದು ಹೇಳಿದರೆ ಸುಳ್ಳಾದೀತು. 1970ರಲ್ಲಿ ಅವರ ಪಕ್ಷದ ಶಾಸಕರೇ ಕೆಲವರು ತಿರುಗಿ ಬಿದ್ದರು. ಕೊಂಕಣಿಯೋ ಮರಾಠಿಯೋ ಎನ್ನುವ ಜಗಳ ಎಂಬತ್ತರ ದಶಕದಲ್ಲಿ ಬೀದಿಗೆ ಬಂದು ಜೀವಗಳನ್ನೂ ತೆಗೆದುಕೊಂಡಿತು. ಗೋವೆ ರಾಜ್ಯವಾದದ್ದು 1987ರ ಮೇ 30ರಂದು, ಮತ ಹಾಕಿ ಇಪ್ಪತ್ತು ವರ್ಷದ ಮೇಲೆ. ಆದರೂ 1967ರ ಆ ಒಂದು ಪ್ರಶ್ನೆ ಮತ್ತೆ ತಲೆ ಎತ್ತಲಿಲ್ಲ. ಆತ್ಯಾ ಹೇಳಿದಂತೆ ಅದು ಮುಗಿದಿತ್ತು. ಮುಗಿಸಿದ್ದು 34,021ರ ಅಂತರವೊಂದೇ ಅಲ್ಲ ಎಂದು ನನಗೆ ಅನಿಸುತ್ತದೆ. ಸೋತವರಿಗೆ ಮಾಡಲು ಕೆಲಸ ಉಳಿದಿತ್ತು, ಅದನ್ನು ಮಾಡಲು ಬಿಟ್ಟರು.

ಅದೇ ಚಳಿಗಾಲದಲ್ಲಿ ಘಟ್ಟದ ಈಚೆ ಏನಾಗುತ್ತಿತ್ತು ನೋಡಿ. 1966ರ ಅಕ್ಟೋಬರ್ 25ರಂದು ಕೇಂದ್ರ ಸರ್ಕಾರ ನಮ್ಮ ಗಡಿಗಾಗಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. ಆಚೆ ಜನರನ್ನು ಕೇಳಿದರು, ಈಚೆ ನ್ಯಾಯಮೂರ್ತಿಯನ್ನು ಕೇಳಿದರು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು. 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯವು ಸೇರಿ 247 ಊರು ಮೈಸೂರಿಗೆ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ಕರ್ನಾಟಕ ಇಂದಿಗೂ ಮಹಾಜನ ವರದಿಯೇ ಅಂತಿಮ ಎನ್ನುತ್ತದೆ. 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹರೆಯದಲ್ಲಿ ಬೆಳಗಾವಿಯ ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ‘ಮಹಾಜನ ವರದಿಯೇ ಅಂತಿಮ’ ಎಂದು ಕೂಗಿದವರಲ್ಲಿ ನಾನೂ ಒಬ್ಬ. ಆ 264 ಊರುಗಳಲ್ಲಿ ನಿಪ್ಪಾಣಿ, ನಂದಗಡದ ಜೊತೆ ಖಾನಾಪುರವೂ ಇದೆ ಎನ್ನುವುದು ನನಗೆ ತಿಳಿದದ್ದು ಖಾನಾಪುರ ತಾಲೂಕಿನಲ್ಲಿ ಹನ್ನೆರಡು ವರ್ಷ ನೌಕರಿ ಮಾಡಿದ ಮೇಲೆ. ಹೇಳಿದವರು ಕಾಕಾ. “ನಿಮ್ಮ ವರದಿ ನಮ್ಮನ್ನ ಅಲ್ಲೇ ಕೊಟ್ಟೈತಿ ಗುರುಜಿ, ನೀವs ಬ್ಯಾಡ ಅಂತೀರಿ, ಹೌದೂ ಅಂತೀರಿ,” ಎಂದು ನಕ್ಕರು. ನಾನು ನಗಲಿಲ್ಲ. ಏನನ್ನು ಬೇಡುತ್ತಿದ್ದೇನೆ ಎಂದು ತಿಳಿಯದೆಯೇ ಅಷ್ಟು ವರ್ಷ ಬೇಡಿದ್ದೆ. ಬ್ರಿಟನ್ನಿನಲ್ಲಿ ಅರ್ಥ ತಿಳಿಯದೆ ಮತ ಹಾಕಿದರು ಎಂದು ಯಾರಾದರೂ ಆಡಿಕೊಂಡಾಗ ನನಗೆ ಆ ದಿನ ನೆನಪಾಗುತ್ತದೆ.

ಜನಮತ ಕೇಳದೆ ಹೋದದ್ದರಿಂದ ನಮ್ಮ ಕಡೆ ಪ್ರತಿ ಚುನಾವಣೆಯೂ ಜನಮತವಾಗಲು ಹೊರಟಿತು. ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಪಂಚಾಯ್ತಿಯಿಂದ ಹಿಡಿದು ವಿಧಾನಸಭೆಯ ತನಕ ಮತ ಕೇಳಿದ್ದು ಮುಖ್ಯವಾಗಿ ಅದೊಂದೇ ಮಾತಿಗೆ. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಜನ ಉಮೇದುವಾರರು ನಿಂತರು. ಗಡಿ ಪ್ರಶ್ನೆ ದಿಲ್ಲಿಯ ಕಣ್ಣಿಗೆ ಬೀಳಲೆಂದು ಮಾಡಿದ ಕೆಲಸ. ಮತಪತ್ರ ಪುಸ್ತಕದಷ್ಟು ದಪ್ಪವಾಯಿತು, ಚುನಾವಣೆ ಮುಂದೆ ಹೋಯಿತು. ಅದೇ ವರ್ಷ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು.

ಖಾನಾಪುರ ವಿಧಾನಸಭಾ ಕ್ಷೇತ್ರ ದಶಕಗಳ ಕಾಲ ಸಮಿತಿಯ ಕೋಟೆಯಾಗಿತ್ತು. 2008ರಲ್ಲಿ ಕೈಬಿಟ್ಟು 2013ರಲ್ಲಿ ಮತ್ತೆ ಸಿಕ್ಕಿತು. 2018ರ ಹೊತ್ತಿಗೆ ಸಮಿತಿಯೇ ಒಡೆದು, ಎರಡು ಬಣಗಳಿಂದ ಇಬ್ಬರು ನಿಂತು, ಇಬ್ಬರೂ ಸೋತರು. ಆ ವರ್ಷ ಸಮಿತಿಯಿಂದ ಒಬ್ಬರೂ ವಿಧಾನಸಭೆ ಮೆಟ್ಟಿಲು ಹತ್ತಲಿಲ್ಲ. ಕನ್ನಡದವನಾದ ನನಗೆ ಇದನ್ನು ಕಂಡು ಖುಷಿಯಾಗಬೇಕಿತ್ತು, ಆಗ ಆಗಿತ್ತು ಕೂಡ. ಕಾಕಾ ಎರಡು ಬಣಗಳ ನಡುವೆ ಒದ್ದಾಡುವುದನ್ನು ದಿನಾ ನೋಡಿದ ಮೇಲೆ ಖುಷಿ ಇಳಿಯಿತು. ಇಬ್ಬರು ಉಮೇದುವಾರರಲ್ಲಿ ಭೇದ ಏನು ಎಂದು ಕೇಳಿದೆ. ಕಾಕಾ ಬಹಳ ಹೊತ್ತು ಯೋಚಿಸಿ, “ಇಂವ ಅಸಲಿ ಅಂತಾನ, ಅಂವನೂ ಅಸಲಿ ಅಂತಾನ,” ಎಂದರು.

ಒಂದೇ ಹೌದು-ಅಲ್ಲದ ಮೇಲೆ ಕಟ್ಟಿದ ಪಕ್ಷಕ್ಕೆ ಇದು ತಪ್ಪಿದ್ದಲ್ಲ. ರಸ್ತೆಗೆ ಹಣ ಮೊದಲೋ ಆಸ್ಪತ್ರೆಗೋ ಎಂದು ಜಗಳವಾಡುವ ಪಕ್ಷದಲ್ಲಿ ಜಗಳ ಒಂದು ಕಡೆ ಮುಟ್ಟುತ್ತದೆ, ನಡುವೆ ಎಲ್ಲೋ ಒಂದು ಕಡೆ ನಿಲ್ಲಬಹುದು. ಎಲ್ಲರೂ ‘ಹೌದು’ ಎಂದೇ ಕೂತಲ್ಲಿ ಜಗಳವಾಡಲು ಉಳಿಯುವುದು ಯಾರ ‘ಹೌದು’ ಹೆಚ್ಚು ಶುದ್ಧ ಎನ್ನುವುದು. ಅದನ್ನು ಅಳೆಯುವ ಸೇರು ಯಾರ ಹತ್ತಿರವೂ ಇಲ್ಲ. ನಮ್ಮ ಕಡೆಯೂ ಕತೆ ಅದೇ. ನವೆಂಬರ್ 1ರ ಮೆರವಣಿಗೆಯಲ್ಲಿ ಯಾವ ಸಂಘಟನೆಯ ಬಾವುಟ ಮುಂದೆ, ಯಾರು ಅಸಲಿ ಕನ್ನಡಿಗ ಎಂದು ತಳ್ಳಾಡಿಕೊಂಡವರನ್ನು ನೋಡಿದ್ದೇನೆ. ಮರಾಠಿ ಬರುತ್ತದೆ ಎನ್ನುವ ಕಾರಣಕ್ಕೆ ನನ್ನನ್ನೇ ಅರ್ಧ ಕನ್ನಡಿಗ ಎಂದವರಿದ್ದಾರೆ. ಅಷ್ಟರಲ್ಲಿ ಕಣಕುಂಬಿಯ ಕಳಸಾ ಹಳ್ಳದ ನೀರು, ಅಡವಿಯೊಳಗಿನ ಕೇರಿಗಳಿಗೆ ಮಳೆಗಾಲದಲ್ಲಿ ದಾಟಲು ಬೇಕಾದ ಸೇತುವೆ, ಇವು ಎರಡೂ ಭಾಷೆಯವರಿಗೆ ಸೇರಿದ್ದರಿಂದಲೋ ಏನೋ, ಯಾರ ಘೋಷಣೆಯಲ್ಲೂ ಹಿಡಿಸುವುದಿಲ್ಲ.

ಇಷ್ಟೆಲ್ಲ ಹೇಳುವ ನಾನು ಸಾಚಾ ಅಲ್ಲ. ಜನರನ್ನು ಕೇಳುವುದರ ಹೆಸರಲ್ಲಿ ನಾನೂ ಒಮ್ಮೆ ಅನ್ಯಾಯ ಮಾಡಿದ್ದೇನೆ.

ಈ ತಾಲೂಕಿನ ಒಂದು ಊರಿನಲ್ಲಿ ಕನ್ನಡ ಶಾಲೆಯ ಹೆಡ್ ಮಾಸ್ತರನಾಗಿದ್ದೆ. ಅದೇ ಅಂಗಳದಲ್ಲಿ ಮರಾಠಿ ಶಾಲೆಯೂ ಇತ್ತು. ಗೇಟು ಒಂದು, ನಳ ಒಂದು, ಬಿಸಿಯೂಟದ ಒಲೆ ಒಂದು. ವರ್ಷದ ಗ್ಯಾದರಿಂಗ್ ಕೂಡಿಯೇ ನಡೆಯುತ್ತಿತ್ತು. ಒಂದು ವರ್ಷ ಬ್ಯಾನರಿನ ಮೇಲೆ ಯಾವ ಭಾಷೆ ಮೇಲೆ ಬರಬೇಕು ಎಂದು ಶುರುವಾದ ಮಾತು ಬೆಳೆಯಿತು. ಪಾಲಕರ ಸಭೆ ಕರೆದೆವು. ಗದ್ದಲ ಹೆಚ್ಚಾದಾಗ ನಾನು ಎದ್ದು ನಿಂತು, “ವಾದ ಬ್ಯಾಡ, ಕೈ ಎತ್ತರಿ. ಕೂಡಿ ಮಾಡೂನೋ, ಬ್ಯಾರೆ ಮಾಡೂನೋ?” ಎಂದೆ. ಬೇರೆ ಎಂದವರು 34, ಕೂಡಿ ಎಂದವರು 29. ಹಲಗೆಯ ಮೇಲೆ ಅಂಕಿ ಬರೆದು, ಮುಗೀತು ಎಂದು ಕೈಗೆ ಅಂಟಿದ ಸೀಮೆಸುಣ್ಣ ಕೊಡವಿಕೊಂಡೆ.

ಮುಗಿದಿರಲಿಲ್ಲ. ಬೇರೆ ಎಂದರೆ ಬೇರೆ ದಿನವೋ, ಒಂದೇ ದಿನ ಬೇರೆ ಹೊತ್ತೋ? ಎರಡೂ ಶಾಲೆಯವರು ಪಟ್ಟಿ ಎತ್ತಿ ಕೊಂಡ ಮೈಕು ಯಾರಿಗೆ? 34 ಜನರಲ್ಲೇ ಮೂರು ಗುಂಪಾಯಿತು. ಸಮಿತಿಯ ಅಧ್ಯಕ್ಷರು ಎರಡು ತಿಂಗಳಿಗೆ ಬಿಟ್ಟರು. ಮುಂದೆ ಬಂದವರು ‘ಜನ ಹೇಳಿದ್ದನ್ನು ಮಾಡಿ ತೋರಿಸುತ್ತೇನೆ’ ಎಂದು ಬಂದು, ಹಿಂದಿನವರು ಸರಿಯಾಗಿ ಬೇರೆ ಮಾಡಲಿಲ್ಲ ಎಂದು ಬಯ್ಯುತ್ತಲೇ ಅವಧಿ ಕಳೆದರು. ಸೋತ 29 ಜನರಲ್ಲಿ ಅರ್ಧ ಜನ ಇನ್ನೊಮ್ಮೆ ಕೈ ಎತ್ತಿಸಿ ಎಂದರು, ಅರ್ಧ ಜನ ಸಭೆಗೆ ಬರುವುದನ್ನೇ ಬಿಟ್ಟರು. ಎರಡು ವರ್ಷ ಗ್ಯಾದರಿಂಗ್ ಆಗಲೇ ಇಲ್ಲ. ಪಟ್ಟಿಯ ಹಣ ಬ್ಯಾಂಕಿನಲ್ಲೇ ಇತ್ತು.

ಆರನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೇಜಿಮ್ ಆಡುವುದರಲ್ಲಿ ಬಲು ಚೂಟಿ. ಆ ವರ್ಷ ತಾನೇ ಮುಂದೆ ನಿಂತು ಹನ್ನೆರಡು ಹುಡುಗಿಯರಿಗೆ, ಎರಡೂ ಶಾಲೆಯವರಿಗೆ, ಕಲಿಸಿದ್ದಳು. ಮುಂದಿನ ವರ್ಷವೂ ಕಾದಳು. ಏಳನೇ ಇಯತ್ತೆ ಮುಗಿಸಿ ಖಾನಾಪುರದ ಹೈಸ್ಕೂಲಿಗೆ ಹೋದಳು, ವೇದಿಕೆ ಹತ್ತದೆಯೇ. ನಾಲ್ಕೈದು ವರ್ಷದ ಹಿಂದೆ ಬಸ್ಸಿನಲ್ಲಿ ಸಿಕ್ಕಳು. ನರ್ಸ್ ಆಗಿದ್ದಾಳೆ. “ಸರ, ನಮ್ಮ ಲೇಜಿಮ್ ನೆನಪೈತೇನ್ರಿ?” ಎಂದಳು. ನೆನಪಿಲ್ಲವ್ವ ಎಂದೆ. ಸುಳ್ಳು ಹೇಳಿದೆ.

ಜನರನ್ನು ಗೌರವಿಸಿ ಕೇಳಿದೆ ಎಂದು ಆಗ ನಾನು ನಂಬಿಕೊಂಡಿದ್ದೆ. ನಿಜ ಏನೆಂದರೆ, ನಾನು ಒಂದು ತೀರ್ಮಾನ ಹೇಳಿದ್ದರೆ ಎರಡರಲ್ಲಿ ಒಂದು ಕಡೆಯ ಸಿಟ್ಟು ನನ್ನ ಮೇಲೆ ಬರುತ್ತಿತ್ತು. ಅದನ್ನು 63 ಜನರಿಗೆ ಹಂಚಿಬಿಟ್ಟೆ. ಕ್ಯಾಮರಾನ್ ತಮ್ಮ ಪಕ್ಷದೊಳಗಿನ ಜಗಳ ತೀರಲೆಂದು ದೇಶವನ್ನು ಕೇಳಿದರು ಎನ್ನುತ್ತಾರೆ. ನಾನು ಅವರನ್ನು ಬಯ್ಯಲು ಹೋದಾಗೆಲ್ಲ ಕೈಯಲ್ಲಿ ಸೀಮೆಸುಣ್ಣ ಕಾಣಿಸುತ್ತದೆ.

ಗಂಟು ಬಿಚ್ಚಿದ್ದು ಅಡುಗೆಯ ಅಕ್ಕ. ಮೂರನೇ ವರ್ಷದ ಸಭೆಯಲ್ಲಿ ಬಾಗಿಲ ಹತ್ತಿರ ನಿಂತುಕೊಂಡು, “ಬ್ಯಾರೆ ಬ್ಯಾರೆ ಅಂತೀರಲ್ಲ, ಅವತ್ತ ನಾ ಎಷ್ಟ ಒಲಿ ಹೂಡಲಿ ಅದನ್ನ ಹೇಳ್ರಿ,” ಎಂದರು. ಎಲ್ಲರೂ ಸುಮ್ಮನಾದರು. ಒಲೆ ಒಂದೇ ಸಾಕು ಎನ್ನುವುದಕ್ಕೆ ಎರಡು ನಿಮಿಷ ಸಾಕಾಯಿತು. ಒಲೆ ಒಂದಾದರೆ ದಿನವೂ ಒಂದೇ ಆಗಬೇಕು. ದಿನ ಒಂದಾದರೆ ಮಂಟಪ ಒಂದೇ. ಮುಂಜಾನೆ ಒಂದು ಶಾಲೆ, ಮಧ್ಯಾಹ್ನ ಒಂದು ಶಾಲೆ, ಮುಂದಿನ ವರ್ಷ ಅದಲುಬದಲು. ಮೂರು ಸಂಜೆ ಕೂತೆವು, ಕೈ ಎತ್ತಿಸಲಿಲ್ಲ. ಮೈಕು ಹಿಡಿಯುವ ಜವಾಬ್ದಾರಿ ಎರಡು ವರ್ಷ ಸಭೆಗೆ ಬಾರದ ಒಬ್ಬರಿಗೆ ಕೊಟ್ಟೆವು. ಅದು ‘ಬೇರೆ’ ಆಯಿತೋ ‘ಕೂಡಿ’ ಆಯಿತೋ ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಗ್ಯಾದರಿಂಗ್ ಆಯಿತು.

ಇದನ್ನೆಲ್ಲ ಒಂದು ದಿನ ಕಾಕಾ ಅವರ ಮುಂದೆ ಬಿಡಿಸಿ ಹೇಳಿದೆ. ಇಂಥ ಪ್ರಶ್ನೆ ಜನರ ಮುಂದೆ ಇಡುವುದೇ ತಪ್ಪು ಅನಿಸುತ್ತದೆ ಎಂದೂ ಸೇರಿಸಿದೆ. ಅವರು ಎಲೆಯಡಿಕೆ ಉಗುಳಿ ಬಂದು ಕೂತರು.

“ಗುರುಜಿ, ಕೇಳಿದ್ರ ಜಗಳಾ ಆಗತೈತಿ ಅಂತೀರಿ. ನಮ್ಮನ್ನ 56ರಾಗ ಯಾರೂ ಕೇಳಲಿಲ್ಲ. ಜಗಳಾ ಆಗಲಿಲ್ಲೇನು? ನಮ್ಮಪ್ಪ ಹೋಗೂ ಮುಂದನೂ ಅದನ್ನs ಅಂದ: ನಮ್ಮನ್ನ ಒಬ್ಬಾಂವರೆ ಕೇಳಬೇಕಿತ್ತು.”

ಇದಕ್ಕೆ ನನ್ನ ಹತ್ತಿರ ಪೂರಾ ಉತ್ತರವಿಲ್ಲ. 1956ರ ನವೆಂಬರ್ 1 ನಮ್ಮವರಿಗೆ ಹಬ್ಬ, ಕಾಕಾ ಅವರ ತಂದೆಗೆ ಯಾರೂ ಕೇಳದೆ ತೆಗೆದುಕೊಂಡ ತೀರ್ಮಾನ. ಕೇಳಿಸಿಕೊಳ್ಳದೆ ಹೋದವನ ನೋವು ಕೇಳಿಸಿಕೊಂಡು ಸೋತವನ ನೋವಿಗಿಂತ ಬಹಳ ಕಾಲ ಬಾಳುತ್ತದೆ. ಆತ್ಯಾ ಸೋತರು, ಮರೆತರು. ಅವರ ತಂದೆಯನ್ನು ಯಾರೂ ಕೇಳಲಿಲ್ಲ, ಅವರು ಮರೆಯಲಿಲ್ಲ. ಒಂದೇ ಮನೆಯ ಇಬ್ಬರು. ಹೀಗಾಗಿ ಜನರನ್ನು ಕೇಳಬಾರದು ಎನ್ನುವ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ಉಳಿದದ್ದು ಇಷ್ಟು. ಕೇಳುವವನಿಗೆ ಒಂದು ಋಣ ಇರುತ್ತದೆ. ಹೌದು ಎಂದರೂ ಅಲ್ಲ ಎಂದರೂ ಮರುದಿನ ಏನೆಂದು ಮೊದಲೇ ಹೇಳಿ ಕೇಳುವುದು ಅದರ ಒಂದು ಪಾಲು. ಬಂದ ಉತ್ತರ ತನಗೆ ಹಿಡಿಸದಿದ್ದರೂ ಅದನ್ನು ಹೊರಲು ನಿಲ್ಲುವುದು ಇನ್ನೊಂದು ಪಾಲು. ಬಾಂದೋಡಕರ ಸೋತ ಮೇಲೂ ನಿಂತರು, ಕ್ಯಾಮರಾನ್ ಸೋತು ನಡೆದರು, ನಾನು ಸೀಮೆಸುಣ್ಣ ಕೊಡವಿದೆ. ಗೆದ್ದವರ ಮೇಲೂ ಋಣವಿದೆ. ಎದುರಿಗೆ ಕೈ ಎತ್ತಿದ 29 ಜನ ಮರುದಿನವೂ ಇದೇ ಗೇಟಿನಿಂದ ಒಳಗೆ ಬರುತ್ತಾರೆ ಎನ್ನುವುದನ್ನು ಅವರು ಮರೆಯುವಂತಿಲ್ಲ. ಈ ಋಣ ತೀರಿಸುವ ಮನಸ್ಸಿಲ್ಲದೆ ಜನರ ಹೆಸರು ಹೇಳುವವರನ್ನು, ಅವರು ನಮ್ಮ ಭಾಷೆಯವರೇ ಆಗಿರಲಿ, ಸ್ವಲ್ಪ ದೂರದಿಂದ ನೋಡುವುದು ಒಳ್ಳೆಯದು.

ನವೆಂಬರ್ 1ರಂದು ಕಾಕಾ ಕಪ್ಪು ಪಟ್ಟಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಹಳದಿ ಕೆಂಪು ಬಾವುಟದ ಕೆಳಗೆ ನಿಲ್ಲುತ್ತೇನೆ. ಇಬ್ಬರೂ ಬಿಟ್ಟಿಲ್ಲ. ಸಂಜೆ ಅವರ ಮನೆಯಿಂದ ಚಹಾ ಬರುತ್ತದೆ. ಹೋದ ವರ್ಷ ಕಪ್ಪು ಪಟ್ಟಿ ಬಿಚ್ಚಲು ಮರೆತು ಕಾಕಾ ಅವರೇ ತಂದುಕೊಟ್ಟರು. ನಾನೂ ಏನೂ ಅನ್ನದೆ ಕಪ್ಪು ತೆಗೆದುಕೊಂಡೆ. ಆತ್ಯಾ ಈ ಚಳಿಗಾಲಕ್ಕೆ ಬರುತ್ತಾರಂತೆ. ಬಂದರೆ ಕೇಳಬೇಕೆಂದಿದ್ದೇನೆ: ಅವರ ಮನೆಯವರು ಯಾವುದಕ್ಕೆ ಹಾಕಿರಬಹುದೆಂದು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಅನಿಸಿತ್ತೇ?